ಮದುವೆ ಕ್ಯಾಸೆಟ್ಟಿಗೆ ಒಂದು ಡಿವಿಡಿ ರೆಕಾರ್ಡರ್

ಕೇಳುಗರಿಗೆ ನಮಸ್ಕಾರ.

ನಮ್ಮ ದೊಡ್ಡಕ್ಕನ ಮದುವೆ ಆದದ್ದು 1989ರ ಬೇಸಿಗೆಯಲ್ಲಿ, ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆಯ ಅಂಗಳದಲ್ಲೇ ಚಪ್ಪರ ಹಾಕಿ. ಶಿವಮೊಗ್ಗದಿಂದ ವಿಡಿಯೋದವರನ್ನು ಕರೆಸಿದ್ದರು. ಒಬ್ಬನ ಹೆಗಲ ಮೇಲೆ ಕ್ಯಾಮೆರಾ, ಇನ್ನೊಬ್ಬನ ಕೈಯಲ್ಲಿ ಕಣ್ಣು ಕುಕ್ಕುವ ದೀಪ. ಆ ದೀಪದ ಸೆಖೆಗೆ ಪುರೋಹಿತರು ಎರಡು ಸಲ ಗದರಿದ್ದು ನನಗಿನ್ನೂ ನೆನಪಿದೆ. ಕೊನೆಗೆ ಮೂರು ಗಂಟೆಯ ಒಂದು ವಿಎಚ್‌ಎಸ್ ಕ್ಯಾಸೆಟ್ ಕೈಗೆ ಬಂತು. ಅದು ಅಕ್ಕನ ಬೀರುವಿನಲ್ಲಿ ರೇಷ್ಮೆ ಸೀರೆಗಳ ಜೊತೆ ಸೇರಿಕೊಂಡಿತು. ಹೋದ ವರ್ಷ ತೆಗೆದು ನೋಡಿದರೆ ಟೇಪಿನ ಅಂಚಿಗೆಲ್ಲ ಬಿಳೀ ಬೂಷ್ಟು. ಮಲೆನಾಡಿನ ಮಳೆಗಾಲ ಉಪ್ಪಿನಕಾಯಿಯನ್ನೇ ಬಿಡುವುದಿಲ್ಲ, ಇನ್ನು ಕ್ಯಾಸೆಟ್ಟನ್ನು ಬಿಡುತ್ತದೆಯೇ?

ಆಗ ಭಾವ ಫೋನು ಮಾಡಿದರು. "ಹಾರ್ಡ್ ಡಿಸ್ಕ್ ಇರೋ ಡಿವಿಡಿ ರೆಕಾರ್ಡರ್ ಸೆಕೆಂಡ್ ಹ್ಯಾಂಡ್ ಸಿಗುತ್ತಂತಲ್ಲೋ. 250 ಜಿಬಿದು ತಗೊಳ್ಳಲೋ, 80 ಜಿಬಿದು ಸಾಕೋ?" ಭಾವನಿಗೆ ಕೊಟ್ಟ ಉತ್ತರವನ್ನೇ ಇವತ್ತು ಸ್ವಲ್ಪ ಹಿಗ್ಗಿಸಿ ನಿಮಗೂ ಹೇಳುತ್ತೇನೆ.

ಡಿವಿಡಿ ರೆಕಾರ್ಡರ್ ಅಂದರೆ ಟಿವಿಯಿಂದಲೋ, ಕ್ಯಾಸೆಟ್ ಓಡಿಸುವ ವಿಸಿಆರಿನಿಂದಲೋ ಬಂದ ಚಿತ್ರವನ್ನು ಡಿವಿಡಿಗೆ ಬರೆದಿಡುವ ಪೆಟ್ಟಿಗೆ. ಈ ಯಂತ್ರದ ತವರು ಜಪಾನ್. ಮನೆಬಳಕೆಗೆಂದು ಮೊದಲ ಡಿವಿಡಿ ರೆಕಾರ್ಡರನ್ನು ಪಯನಿಯರ್ ಕಂಪನಿ ಅಲ್ಲಿ ಮಾರಾಟಕ್ಕೆ ಇಟ್ಟದ್ದು 1999ರ ಡಿಸೆಂಬರಿನಲ್ಲಿ. ಬೆಲೆ ಎರಡೂವರೆ ಲಕ್ಷ ಯೆನ್. 2001ರಲ್ಲಿ ತೋಷಿಬಾದವರು ಅದೇ ಪೆಟ್ಟಿಗೆಯೊಳಗೆ 30 ಜಿಬಿಯ ಹಾರ್ಡ್ ಡಿಸ್ಕನ್ನೂ ಕೂರಿಸಿದರು. ಹೆಚ್ಚೆಂದರೆ ಹತ್ತು ವರ್ಷ ಮೆರೆದ ವಸ್ತು. ಆಮೇಲೆ ಜಪಾನಿನವರು ಬ್ಲೂ-ರೇ ಕಡೆ ಹೋದರು. ನಮ್ಮಲ್ಲಿ ಡಿಟಿಎಚ್ ಪೆಟ್ಟಿಗೆಗಳೇ ರೆಕಾರ್ಡ್ ಮಾಡಲು ಕಲಿತವು. ಈಗ ಹೊಸದು ಹುಡುಕಿದರೆ ಸಿಗುವುದು ಕಷ್ಟ. ಸಿಗುವುದೆಲ್ಲ ಯಾರದೋ ಶೋಕೇಸಿನಿಂದ ಇಳಿದು ಬಂದದ್ದು, ಇಲ್ಲವೇ ಪರದೇಶದಲ್ಲಿದ್ದ ನೆಂಟರು ಹೊತ್ತು ತಂದದ್ದು.

ಸರಿ, ಹಾರ್ಡ್ ಡಿಸ್ಕ್ ಎಷ್ಟು ದೊಡ್ಡದಿರಬೇಕು? ಭಾವನಿಗೆ ನಾನು ಹೇಳಿದೆ: "ಭಾವ, ಹಾರ್ಡ್ ಡಿಸ್ಕ್ ಅಂದರೆ ನಮ್ಮ ಮನೆ ಜಗಲಿ ಇದ್ದ ಹಾಗೆ. ತೋಟದಿಂದ ಬಂದ ಅಡಿಕೆಯನ್ನು ಅಲ್ಲಿ ಸುರುವಿ ಆರಿಸುತ್ತೀರಿ, ಕೆಟ್ಟದ್ದನ್ನು ತೆಗೆಯುತ್ತೀರಿ, ಮೂಟೆ ಕಟ್ಟುತ್ತೀರಿ. ಅಲ್ಲೇ ವರ್ಷಗಟ್ಟಲೆ ಇಡುವುದಿಲ್ಲ." ಕ್ಯಾಸೆಟ್ಟಿನಿಂದ ನೇರವಾಗಿ ಡಿವಿಡಿಗೆ ಇಳಿಸಿದರೆ, ನಡುವೆ ಐದು ನಿಮಿಷ ಬರೀ ಕುರ್ಚಿಗಳ ಸಾಲು ಬಂದರೂ ಅದು ಹಾಗೇ ಅಚ್ಚಾಗುತ್ತದೆ. ಮೊದಲು ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡರೆ ಬೇಡದ್ದನ್ನು ಕತ್ತರಿಸಬಹುದು, ಧಾರೆಗೊಂದು, ಊಟಕ್ಕೊಂದು ಅಂತ ಅಧ್ಯಾಯ ಗುರುತು ಹಾಕಬಹುದು, ಆಮೇಲೆ ಒಮ್ಮೆಗೇ ಡಿಸ್ಕಿಗೆ ಬರೆಯಬಹುದು. ನಡುವೆ ತಪ್ಪಾದರೆ ಹೋಗುವುದು ಒಂದು ಖಾಲಿ ಡಿಸ್ಕ್. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಮತ್ತೆ ಓಡಿಸಬೇಕಾಗಿಲ್ಲ.

ಲೆಕ್ಕ ಹಾಕಿ ನೋಡೋಣ. ಒಂದು ಸಾಮಾನ್ಯ ಡಿವಿಡಿಗೆ 4.7 ಜಿಬಿ. ಈ ರೆಕಾರ್ಡರುಗಳಲ್ಲಿ ಎಕ್ಸ್‌ಪಿ ಅಂತ ಒಂದು ಗುಣಮಟ್ಟ, ಅದರಲ್ಲಿ ಡಿಸ್ಕಿಗೆ ಒಂದು ಗಂಟೆ ಹಿಡಿಯುತ್ತದೆ. ಎಸ್‌ಪಿಯಲ್ಲಿ ಎರಡು ಗಂಟೆ, ಎಲ್‌ಪಿಯಲ್ಲಿ ನಾಲ್ಕು. ಅಕ್ಕನ ಮನೆಯಲ್ಲಿರುವುದು ಆರು ಕ್ಯಾಸೆಟ್, ಅಂದರೆ ಹದಿನೆಂಟು ಗಂಟೆ. ಡಿಸ್ಕಿಗೆ ಒಂದೂವರೆ ಗಂಟೆಯ ಹಾಗೆ ಇಳಿಸಿದರೂ ಎಲ್ಲಾ ಸೇರಿ 56 ಜಿಬಿ ಆಯಿತು. 80 ಜಿಬಿಯ ಜಗಲಿಯಲ್ಲಿ ಇನ್ನೂ ಕೈಕಾಲು ಚಾಚಲು ಜಾಗ ಉಳಿಯುತ್ತದೆ. 250ಕ್ಕೆ ಹೆಚ್ಚು ದುಡ್ಡು ಯಾಕೆ ಕೊಡಬೇಕು?

ಒಂದೂವರೆ ಗಂಟೆ ಅಂತ ಯಾಕೆ ಹೇಳಿದೆ ಅಂದರೆ, ಇಲ್ಲಿ ಬಹಳ ಜನ ಎಡವುತ್ತಾರೆ. "ಕ್ಯಾಸೆಟ್ಟಿನ ಚಿತ್ರವೇ ಮಂಕು, ಅದಕ್ಕೆ ಎಲ್‌ಪಿ ಸಾಕು" ಅಂದುಕೊಳ್ಳುತ್ತಾರೆ. ಆಗುವುದು ಅದರ ತಿರುಗುಮುರುಗು. ಡಿವಿಡಿ ಬಳಸುವ ಎಂಪೆಗ್-2 ಎಂಬ ವಿಧಾನ ಅಲುಗಾಡದ ಭಾಗವನ್ನು ಸುಮ್ಮನೆ ಬಿಟ್ಟು, ಬದಲಾದಷ್ಟನ್ನೇ ಬರೆದುಕೊಂಡು ಜಾಗ ಉಳಿಸುತ್ತದೆ. ಹಳೇ ಕ್ಯಾಸೆಟ್ಟಿನಲ್ಲಿ ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಚುಕ್ಕೆಗಳು ಕುಣಿಯುತ್ತಿರುತ್ತವೆ. ಯಂತ್ರಕ್ಕೆ ಅದು ಕೊಳೆ ಅಂತ ಹೇಗೆ ಗೊತ್ತಾಗಬೇಕು? ಅದೂ ಚಲನೆಯೇ ಅಂದುಕೊಂಡು ಇದ್ದ ಜಾಗವನ್ನೆಲ್ಲ ಅದಕ್ಕೇ ಸುರಿಯುತ್ತದೆ. ಅಕ್ಕನ ಮುಖದ ಪಾಲಿಗೆ ಚೌಕ ಚೌಕ ಕಲೆ. ಅದಕ್ಕೇ ಕೆಟ್ಟ ಕ್ಯಾಸೆಟ್ಟಿಗೆ ಒಳ್ಳೇ ಗುಣಮಟ್ಟವನ್ನೇ ಇಡಿ. ಎಲ್‌ಪಿಯಲ್ಲಂತೂ ಸಾಮಾನ್ಯವಾಗಿ ಚಿತ್ರದ ಅಡ್ಡಳತೆಯನ್ನು 720 ಚುಕ್ಕೆಯಿಂದ 352ಕ್ಕೆ ಇಳಿಸಿಬಿಡುತ್ತಾರೆ. ಕೆಲವು ಯಂತ್ರಗಳಲ್ಲಿ ಎಫ್‌ಆರ್ ಎಂಬ ಗುಂಡಿ ಇರುತ್ತದೆ: ಎಷ್ಟು ಹೊತ್ತಿನದು ಅಂತ ಹೇಳಿದರೆ ಡಿಸ್ಕಿಗೆ ಸರಿಯಾಗಿ ಕೂರುವ ಹಾಗೆ ತಾನೇ ಹೊಂದಿಸಿಕೊಳ್ಳುತ್ತದೆ. ನಮ್ಮ ಕನ್ನಡ ಸಿನಿಮಾ ಎರಡೂವರೆ ಗಂಟೆ ಇರುತ್ತಿತ್ತಲ್ಲ, ಎಸ್‌ಪಿಗೆ ಹಿಡಿಯದು, ಎಲ್‌ಪಿಗೆ ಹಾಕಿದರೆ ದಂಡ. ಅಂಥದ್ದಕ್ಕೆ ಈ ಗುಂಡಿ. ಇದು ಇರುವ ಯಂತ್ರ ಸಿಕ್ಕರೆ ನೂರಿನ್ನೂರು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಈಗ, ಜಿಬಿ ಬಿಟ್ಟು ಇದನ್ನು ಕೇಳಿ ಅಂತ ನಾನು ಭಾವನಿಗೆ ಹೇಳಿದ ಪ್ರಶ್ನೆಗೆ ಬರುತ್ತೇನೆ. ಈ ಪೆಟ್ಟಿಗೆಯೊಳಗೆ ಚಿತ್ರ ಹೋಗುವುದು ಯಾವ ದಾರಿಯಲ್ಲಿ, ಹೊರಗೆ ಬರುವುದು ಯಾವ ದಾರಿಯಲ್ಲಿ?

ಒಳಗೆ ಹೋಗುವ ದಾರಿ ನೋಡಲು ಯಂತ್ರವನ್ನು ಬೆನ್ನು ಮಾಡಿ ತಿರುಗಿಸಿ. ವಿಸಿಆರಿನ ವೈರು ಸಿಕ್ಕಿಸುವ ಹಳದಿ, ಬಿಳಿ, ಕೆಂಪು ಮೂರು ತೂತುಗಳಿಗೆ "ಇನ್" ಅಂತ ಬರೆದಿರಬೇಕು. ಎಚ್‌ಡಿಎಂಐ ತೂತು ಕಂಡು ಹಿಗ್ಗಬೇಡಿ, ಈ ಯಂತ್ರಗಳಲ್ಲಿ ಅದು ಟಿವಿಗೆ ಕೊಡುವುದಕ್ಕೆ, ತೆಗೆದುಕೊಳ್ಳುವುದಕ್ಕಲ್ಲ. ಏರಿಯಲ್ ತೂತು ಮತ್ತು ಚಾನೆಲ್ ಹಿಡಿಯುವ ಒಳಗಿನ ಟ್ಯೂನರನ್ನು ಲೆಕ್ಕಕ್ಕೇ ಹಿಡಿಯಬೇಡಿ. ಬೆಂಗಳೂರು, ಮೈಸೂರಿನ ಕೇಬಲ್ಲಿಗೆ 2013ರ ಮಾರ್ಚ್ 31ರ ಗಡುವು ಹಾಕಿ ಸೆಟ್‌ಟಾಪ್ ಬಾಕ್ಸ್ ಕಡ್ಡಾಯ ಮಾಡಿದರು. ದೂರದರ್ಶನದ ಹಳೇ ಅನಲಾಗ್ ಟ್ರಾನ್ಸ್‌ಮಿಟರುಗಳೂ ಬಹುಪಾಲು ಮುಚ್ಚಿವೆ. ಸೆಟ್‌ಟಾಪ್ ಬಾಕ್ಸಿನಿಂದ ಆ ಮೂರು ವೈರಿನಲ್ಲಿ ಧಾರಾವಾಹಿ ಹಿಡಿಯಬಹುದು, ಆದರೆ ರೆಕಾರ್ಡರಿನ ಟೈಮರ್ ಬಾಕ್ಸಿನ ಚಾನೆಲ್ ಬದಲಿಸಲಾರದು. ನೀವು ಬಿಟ್ಟುಹೋದ ಚಾನೆಲ್ಲೇ ರಾತ್ರಿಯೆಲ್ಲ ತುಂಬಿಕೊಳ್ಳುತ್ತದೆ.

ಪರದೇಶದಿಂದ ಬಂದದ್ದಾದರೆ ಇನ್ನೊಂದು ತೊಡಕು. ನಮ್ಮ ಕ್ಯಾಸೆಟ್ಟುಗಳು ಪಾಲ್ ಪದ್ಧತಿಯವು, ಸೆಕೆಂಡಿಗೆ 25 ಚಿತ್ರ. ಅಮೆರಿಕ, ಜಪಾನಿನವು ಎನ್‌ಟಿಎಸ್‌ಸಿ. ಅಲ್ಲಿನ ರೆಕಾರ್ಡರಿಗೆ ನಮ್ಮ ಕ್ಯಾಸೆಟ್ಟಿನ ಚಿತ್ರ ಕೊಟ್ಟರೆ ಕಪ್ಪು ಬಿಳುಪಿನಲ್ಲಿ ಉರುಳುರುಳಿ ಹೋಗುತ್ತದೆ, ಇಲ್ಲ ಏನೂ ಬರುವುದಿಲ್ಲ. ಮೇಲಾಗಿ ಜಪಾನಿನ ಮನೆಗಳ ಕರೆಂಟು 100 ವೋಲ್ಟ್, ಅಮೆರಿಕದ್ದು 120. ನಮ್ಮ 230ಕ್ಕೆ ನೇರ ಸಿಕ್ಕಿಸಿದರೆ ಹೊಗೆ ಬಂದೀತು. ಇಂಗ್ಲೆಂಡಿನದು ಪಾಲ್, ಹಾಗಾಗಿ ಕ್ಯಾಸೆಟ್ ಕೆಲಸಕ್ಕೆ ಅಡ್ಡಿಯಿಲ್ಲ. ಒಬ್ಬ ಸ್ನೇಹಿತ ಹಿಂದೆ ಅಲ್ಲಿಂದ ಒಂದನ್ನು ತಂದು ಕೇಬಲ್ಲಿಗೆ ಸಿಕ್ಕಿಸಿದಾಗ ಚಿತ್ರ ಸೊಗಸಾಗಿ ಬಂತು, ಮಾತೇ ಇಲ್ಲ, ಬರೀ ಸುಯ್ ಅಂತ ಸದ್ದು. ಅಲ್ಲಿನ ಟಿವಿಯಲ್ಲಿ ಧ್ವನಿ ಚಿತ್ರದಿಂದ 6 ಮೆಗಾಹರ್ಟ್ಸ್ ದೂರ ಕೂರುತ್ತದೆ, ನಮ್ಮಲ್ಲಿ 5.5. ಅಷ್ಟಕ್ಕೇ ಮೂಕ. ಪುಣ್ಯಕ್ಕೆ ಆ ಮೂರು ವೈರಿಗೆ ಈ ತಕರಾರಿಲ್ಲ.

ಇನ್ನು ಹೊರಗೆ ಬರುವ ದಾರಿ. ಇದನ್ನು ಕೊಳ್ಳುವವರು ಯಾರೂ ನೋಡುವುದಿಲ್ಲ. ಹಾರ್ಡ್ ಡಿಸ್ಕನ್ನು ಬಿಚ್ಚಿ ಕಂಪ್ಯೂಟರಿಗೆ ಹಾಕಿದರಾಯಿತು ಅಂತ ಅಂಗಡಿಯವರು ಹೇಳಬಹುದು. ಕಂಪನಿಗಳು ಅದರಲ್ಲಿ ತಮ್ಮದೇ ಲಿಪಿಯಲ್ಲಿ ಬರೆದಿರುತ್ತವೆ, ಕಂಪ್ಯೂಟರಿಗೆ ಅದು ಖಾಲಿ ಡಿಸ್ಕಿನ ಹಾಗೇ ಕಾಣುತ್ತದೆ. ಹಾಗಾಗಿ ಡಿವಿಡಿ ಬರೆಯುವ ಡ್ರೈವೇ ಬಾಗಿಲು. ಹದಿನೈದು ವರ್ಷದ ಯಂತ್ರದಲ್ಲಿ ಮೊದಲು ಸೋಲುವುದು ಅದರ ಲೇಸರ್. ಡಿಸ್ಕ್ ಓದುತ್ತದೆ, ಬರೆಯಲು ಹೇಳಿದರೆ ಎರರ್. ಹಾಗಾದರೆ ಜಗಲಿಯಲ್ಲಿ ಅಡಿಕೆ ಇದೆ, ಬಾಗಿಲಿಗೆ ಬೀಗ ಬಿದ್ದಿದೆ, ಬೀಗದ ಕೈ ಇಲ್ಲ. ಬರೆದ ಮೇಲೆ "ಫೈನಲೈಸ್" ಮಾಡುವುದನ್ನೂ ಮರೆಯಬೇಡಿ. ಅದು ಆಗದ ಡಿವಿಡಿ-ಆರ್ ಪಕ್ಕದ ಮನೆಯ ಪ್ಲೇಯರಿನಲ್ಲಿ ತೆರೆಯುವುದಿಲ್ಲ. ಫೈನಲೈಸ್ ಆದದ್ದನ್ನು ಕಂಪ್ಯೂಟರಿಗೂ ಪೆನ್‌ಡ್ರೈವಿಗೂ ನಕಲು ಮಾಡಿಟ್ಟರೆ, ಆಗ ಅದು ಉಗ್ರಾಣ ಸೇರಿತು ಅನ್ನಿ. ಬರೆಯುವಾಗ "ಹೈ ಸ್ಪೀಡ್" ಆಯ್ಕೆಯನ್ನೇ ಒತ್ತಿ: ಇದ್ದದ್ದು ಇದ್ದ ಹಾಗೆ, ಹತ್ತಾರು ನಿಮಿಷದೊಳಗೆ ಇಳಿಯುತ್ತದೆ. ಇಲ್ಲವಾದರೆ ಯಂತ್ರ ಇನ್ನೊಮ್ಮೆ ಕುಗ್ಗಿಸಿ ಬರೆಯುತ್ತದೆ, ಚಿತ್ರ ಇನ್ನೊಂದು ಸುತ್ತು ಸವೆಯುತ್ತದೆ.

"ಇಷ್ಟೆಲ್ಲಾ ಯಾಕೆ, ಯುಎಸ್‌ಬಿ ಕಡ್ಡಿ ಹಾಕಿ ಕಂಪ್ಯೂಟರಿಗೇ ಇಳಿಸಬಾರದೇ?" ಅಂತ ಅಕ್ಕನ ಮಗ ಕೇಳಿದ. ವಿಸಿಆರಿನ ಚಿತ್ರವನ್ನು ಕಂಪ್ಯೂಟರಿಗೆ ದಾಟಿಸುವ ಕಡ್ಡಿ ಅದು. ಇಳಿಸಿ ನೋಡಿದೆವು ಕೂಡ. ಹಳೇ ಟೇಪು ಒಂದೇ ವೇಗದಲ್ಲಿ ಓಡುವುದಿಲ್ಲ, ಕುಂಟುತ್ತದೆ. ಅಗ್ಗದ ಕಡ್ಡಿ ನಡುನಡುವೆ ಚಿತ್ರ ಬಿಟ್ಟುಬಿಡುತ್ತದೆ, ಧ್ವನಿ ಮುಂದೆ ಹೋಗುತ್ತದೆ. ಅರ್ಧ ಗಂಟೆಯಲ್ಲಿ ಮಂತ್ರ ಒಂದು ಕಡೆ, ಪುರೋಹಿತರ ಬಾಯಿ ಇನ್ನೊಂದು ಕಡೆ. ಒಳ್ಳೆಯ ಡಿವಿಡಿ ರೆಕಾರ್ಡರುಗಳಲ್ಲಿ ಒಳಬರುವ ಚಿತ್ರದ ಕುಂಟನ್ನು ಸರಿಪಡಿಸಿ, ನೇರ ಸಾಲಿಗೆ ನಿಲ್ಲಿಸುವ ಏರ್ಪಾಡು ಇರುತ್ತದೆ. ಈ ಒಂದು ಗುಣಕ್ಕಾಗಿಯೇ ನಾನು ಈ ಹಳೇ ಪೆಟ್ಟಿಗೆಯ ಪರ ವಾದಿಸುವುದು.

ಅದಕ್ಕೂ ಒಂದು ಹುಚ್ಚು ಇದೆ, ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಮಾರುವ ಸಿನಿಮಾ ಕ್ಯಾಸೆಟ್ಟುಗಳಿಗೆ ಮ್ಯಾಕ್ರೋವಿಷನ್ ಎಂಬ ಕಾವಲು ಹಾಕಿರುತ್ತಿದ್ದರು, ನಕಲು ಆಗದಿರಲಿ ಅಂತ. ರೆಕಾರ್ಡರ್ ಅದನ್ನು ಕಂಡ ಕೂಡಲೇ ನಿಲ್ಲುತ್ತದೆ. ಟೇಪು ತೀರಾ ಹದಗೆಟ್ಟಿದ್ದರೆ ಆ ಕೊಳೆಯನ್ನೇ ಕಾವಲು ಅಂತ ತಿಳಿದು ನಿಲ್ಲುವುದೂ ಉಂಟು. ನಿಮ್ಮದೇ ಮದುವೆ, ನಕಲು ಮಾಡಲು ನಿಮಗೆ ಹಕ್ಕಿಲ್ಲ ಅನ್ನುತ್ತದೆ! ಕ್ಯಾಸೆಟ್ಟನ್ನು ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಒಮ್ಮೆ ಸುತ್ತಿಸಿ, ವಿಸಿಆರಿನ ಟ್ರ್ಯಾಕಿಂಗ್ ತಿರುಗಿಸಿ ನೋಡಿ, ಹಲವು ಸಲ ಒಪ್ಪಿಕೊಳ್ಳುತ್ತದೆ. ಬೂಷ್ಟು ಕಂಡರೆ ಮಾತ್ರ ಸುತ್ತಿಸಲೂ ಬೇಡಿ, ವಿಸಿಆರಿಗೆ ಹಾಕಲೂ ಬೇಡಿ. ಹೆಡ್ಡಿಗೆ ಅಂಟಿ, ಮುಂದೆ ಹಾಕಿದ ಒಳ್ಳೇ ಕ್ಯಾಸೆಟ್ಟಿಗೂ ಹರಡುತ್ತದೆ. ಮೊದಲು ಬಲ್ಲವರ ಕೈಯಲ್ಲಿ ಟೇಪು ಒರೆಸಿಸಿ. ವಿಸಿಆರನ್ನೂ ಜೋಪಾನ ಮಾಡಿ. ಕೊನೆಯದಾಗಿ ಅದನ್ನು ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ಕೈತೊಳೆದುಕೊಂಡಿತು. ವಿಸಿಆರ್, ಹಾರ್ಡ್ ಡಿಸ್ಕ್, ಡಿವಿಡಿ ಮೂರೂ ಒಂದರಲ್ಲೇ ಇರುವ ಪೆಟ್ಟಿಗೆಯೂ ಸಿಗುತ್ತದೆ. ನನಗೆ ಅದು ಇಷ್ಟವಿಲ್ಲ. ಒಂದು ಕೆಟ್ಟರೆ ಮೂರೂ ರಿಪೇರಿಗೆ ಹೋಗಬೇಕು.

ಕರೆಂಟಿನ ಮಾತು ಮರೆತಿದ್ದೆ. ಡಿಸ್ಕಿಗೆ ಬರೆಯುತ್ತಿರುವಾಗ ಕರೆಂಟ್ ಹೋದರೆ ಆ ಡಿಸ್ಕ್ ದಂಡ, ಹಾರ್ಡ್ ಡಿಸ್ಕಿನಲ್ಲಿ ಆ ಹೊತ್ತಿನ ರೆಕಾರ್ಡಿಂಗೂ ಕೈಬಿಟ್ಟಿರಬಹುದು. ಕಂಪ್ಯೂಟರಿನ ಸಣ್ಣ ಯುಪಿಎಸ್ ಒಂದಕ್ಕೆ ಸಿಕ್ಕಿಸಿ ಕೂರಿ.

ಕೊಳ್ಳಲು ಹೋಗುವ ದಿನ ಜೇಬಿನಲ್ಲಿ ಒಂದು ಖಾಲಿ ಡಿವಿಡಿ-ಆರ್, ಚೀಲದಲ್ಲಿ ಒಂದು ಕ್ಯಾಸೆಟ್, ಸಾಧ್ಯವಾದರೆ ವಿಸಿಆರ್ ಕೂಡ ಇರಲಿ. ರಿಮೋಟ್ ಇಲ್ಲದ ಯಂತ್ರವನ್ನು ಮುಟ್ಟಬೇಡಿ. ಎಡಿಟಿಂಗು, ಫೈನಲೈಸು ಎಲ್ಲ ರಿಮೋಟಿನಲ್ಲೇ ಇರುವುದು. ಅಲ್ಲೇ ನಿಂತು ಹತ್ತು ನಿಮಿಷ ರೆಕಾರ್ಡ್ ಮಾಡಿ, ಡಿಸ್ಕಿಗೆ ಬರೆದು, ಫೈನಲೈಸ್ ಮಾಡಿ, ಬೇರೆ ಪ್ಲೇಯರಿನಲ್ಲಿ ಹಾಕಿ ನೋಡಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ತೆಗೆದುಕೊಂಡು ಹೋಗುವ ಕ್ಯಾಸೆಟ್ ಮಾತ್ರ ಮದುವೆಯದಾಗಿರಬಾರದು, ಹೋದರೂ ಪರವಾಗಿಲ್ಲ ಅನ್ನುವಂಥದ್ದಿರಬೇಕು. ನಮ್ಮ ಮನೆಯಲ್ಲಿ ಎಲ್ಲರೂ ಒಮ್ಮತದಿಂದ ಆರಿಸಿಕೊಟ್ಟದ್ದು, ಕಾಲೇಜು ವಾರ್ಷಿಕೋತ್ಸವದಲ್ಲಿ ನಾನು ಮಾಡಿದ ಏಕಪಾತ್ರಾಭಿನಯದ ಕ್ಯಾಸೆಟ್ಟನ್ನು. ಅದು ಒಂದು ಗೆರೆಯೂ ಬೀಳದೆ, ಮಾತು ತುಟಿಗೆ ಸರಿಯಾಗಿ ಕೂತು, ಅಷ್ಟು ಚೆನ್ನಾಗಿ ಇಳಿಯಿತು. ಭಾವ ಅದರ ನಾಲ್ಕು ಪ್ರತಿ ಮಾಡಿಸಿ ನೆಂಟರಿಗೆಲ್ಲ ಹಂಚಿದ್ದಾರೆ.

ನಮಸ್ಕಾರ.