ಮೊದಲು ಕಾಗದ, ಆಮೇಲೆ ಕುದುರೆ

ನಮಸ್ಕಾರ. ಕುದುರೆ, ಹರಾಜು ಅಂದ ಕೂಡಲೇ ಇದೇನೋ ರೇಸು, ಜೂಜಿನ ವಿಷಯ ಅಂತ ರೇಡಿಯೊ ಆರಿಸಬೇಡಿ. ನಾನು ಮಾತಾಡುವುದು ಗೋಡೆ ಮೇಲೆ ತೂಗುಹಾಕುವ ಕುದುರೆ ಬಗ್ಗೆ.

ಸಕಲೇಶಪುರ, ಮೂಡಿಗೆರೆ ಕಡೆ ತೋಟದ ಬಂಗಲೆಗಳಲ್ಲಿ ಇರುವವರು ಕೇಳುತ್ತಿದ್ದೀರಿ ಅಂದುಕೊಂಡಿದ್ದೇನೆ. ದೊರೆಗಳ ಕೈಯಿಂದ ತೋಟ ಕೊಂಡಾಗ ಮೇಜು ಕುರ್ಚಿ ಜೊತೆ ಗೋಡೆಯ ಚಿತ್ರಗಳೂ ಕೆಲವರ ಪಾಲಿಗೆ ಬಂದವು. ಅದರಲ್ಲಿ ಒಂದಾದರೂ ಕುದುರೆ ಇದ್ದೇ ಇರುತ್ತದೆ, ಅಲ್ವಾ?

ನನಗೆ ಹುಚ್ಚು ಇರುವುದು ಗಾಡಿ ಕಟ್ಟಿದ ಕುದುರೆ ಓಟದ ಚಿತ್ರಗಳ ಮೇಲೆ. ಇದರಲ್ಲಿ ಸವಾರ ಕುದುರೆ ಬೆನ್ನೇರುವುದಿಲ್ಲ. ಹಿಂದೆ ಎರಡು ಚಕ್ರದ ಹಗುರ ಗಾಡಿ, ಅದರ ಹೆಸರು ಸಲ್ಕಿ. ನಮ್ಮ ಜಟಕಾ ಗಾಡಿಯ ಚಾವಣಿ ಕಿತ್ತು, ಒಬ್ಬನೇ ಕೂರುವಷ್ಟು ಸಣ್ಣದು ಮಾಡಿದ ಹಾಗೆ. ಕುದುರೆ ನಾಗಾಲೋಟಕ್ಕೆ ಬೀಳುವಂತಿಲ್ಲ. ಬಿದ್ದರೆ ಲಗಾಮು ಎಳೆದು ಮತ್ತೆ ಹೆಜ್ಜೆಗೆ ತರಬೇಕು. ಅಮೆರಿಕದಲ್ಲಿ ಹತ್ತೊಂಬತ್ತನೇ ಶತಮಾನದ ಜನ ಇದಕ್ಕೆ ಮುಗಿಬೀಳುತ್ತಿದ್ದರು. ಲೇಡಿ ಸಫೋಕ್ ಅನ್ನುವ ಬೂದು ಹೆಣ್ಣು ಕುದುರೆ 1845ರಲ್ಲಿ ಎರಡೂವರೆ ನಿಮಿಷದೊಳಗೆ ಒಂದು ಮೈಲಿ ಓಡಿತು. ಗಾಡಿ ಕಟ್ಟಿ, ಟ್ರಾಟ್ ಅನ್ನುವ ಹೆಜ್ಜೆಯಲ್ಲಿ ಓಡುವ ಕುದುರೆ ಯಾವುದೂ ಅಲ್ಲಿಯವರೆಗೆ ಅಷ್ಟು ಬೇಗ ಓಡಿರಲಿಲ್ಲ.

ಇಂಥ ಕುದುರೆಗಳ ಚಿತ್ರ ಅಚ್ಚು ಹಾಕಿ ಮನೆಮನೆಗೆ ಮುಟ್ಟಿಸಿದ್ದು ನ್ಯೂಯಾರ್ಕಿನ ಕರಿಯರ್ ಅಂಡ್ ಐವ್ಸ್ ಕಂಪನಿ. 1907ರಲ್ಲಿ ಬಾಗಿಲು ಹಾಕುವಷ್ಟರಲ್ಲಿ 7000ಕ್ಕೂ ಜಾಸ್ತಿ ಬಗೆಯ ಚಿತ್ರ ಹೊರತಂದಿತ್ತು. ಎಲ್ಲ ಕಲ್ಲಚ್ಚು. ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಲ್ಲಿ ಬರೆದು, ಕಪ್ಪು ಶಾಯಿಯಲ್ಲಿ ಒತ್ತುವುದು. ಆಮೇಲೆ ಉದ್ದ ಮೇಜಿನ ಸುತ್ತ ಕೂತ ಹೆಣ್ಣುಮಕ್ಕಳು ಕೈಯಿಂದ ಬಣ್ಣ ತುಂಬುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ನಿಮ್ಮ ದೇವರ ಕೋಣೆಯಲ್ಲಿರುವ ಹಳೇ ರವಿವರ್ಮ ಲಕ್ಷ್ಮಿಯೂ ಕಲ್ಲಚ್ಚೇ. ಆದರೆ ಅಲ್ಲಿ ಬಣ್ಣವೂ ಕಲ್ಲಿನಿಂದಲೇ ಬಂದದ್ದು.

ಈಗ ಮುಖ್ಯ ಮಾತು. ಹರಾಜಿನಲ್ಲಿ ಮೊದಲು ಕಾಗದ ನೋಡಿ, ಆಮೇಲೆ ಕುದುರೆ. ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ, ದುಡ್ಡು ಕೊಟ್ಟು ಕಲಿತದ್ದು.

ಹದಿನಾಲ್ಕು ವರ್ಷದ ಹಿಂದೆ, ಮೂಡಿಗೆರೆ ಹತ್ತಿರದ ಒಂದು ಬಂಗಲೆಯ ಸಾಮಾನು ಹರಾಜು. ಜುಲೈ ತಿಂಗಳು, ಹೊರಗೆ ಮಳೆ ಹೊಡೆಯುತ್ತಿದೆ, ಒಳಗೆ ಕರೆಂಟಿಲ್ಲ. ಬೀಟೆ ಮಂಚ, ಸೀಮೆಎಣ್ಣೆ ಫ್ರಿಜ್ಜು, ಹಲ್ಲು ಉದುರಿದ ಪಿಯಾನೊ. ಪ್ಯಾಸೇಜಿನಲ್ಲಿ ಛತ್ರಿ ಸ್ಟ್ಯಾಂಡಿನ ಮೇಲೆ ನನ್ನ ಕುದುರೆ! ಬೂದು ಬಣ್ಣ, ಹಿಂದೆ ಸಲ್ಕಿ, ಕಾಲು ನೀಟಿ ಕೂತ ಸವಾರ, ಕೆಳಗೆ ಕರಿಯರ್ ಅಂಡ್ ಐವ್ಸ್ ಹೆಸರು. ನನ್ನ ಕೈ ನಡುಗಿತು. ಫ್ರೇಮು ಇಳಿಸಿ ನೋಡಲೂ ಇಲ್ಲ. ಇಳಿಸಿದರೆ ಬೇರೆಯವರಿಗೆ ಗೊತ್ತಾಗಿಬಿಡುತ್ತದೆ ಅನ್ನುವ ಜಾಣತನ ಬೇರೆ.

ಸವಾಲು ಎರಡು ಸಾವಿರಕ್ಕೆ ಶುರುವಾಯಿತು. ನನ್ನ ಎದುರಿಗೆ ನಿಂತವರು ಒಬ್ಬ ಗೌಡರು. ಬಾಯಲ್ಲಿ ಎಲೆಅಡಿಕೆ, ಮಾತಿಲ್ಲ, ಬೆರಳು ಎತ್ತುತ್ತಾರೆ ಅಷ್ಟೆ. ನಾನು ಕೂಗಿದ ಹಾಗೆಲ್ಲ ಅವರ ಬೆರಳು ಮೇಲೆ. ಇವರಿಗೂ ಚಿತ್ರದ ಬೆಲೆ ಗೊತ್ತಿದೆ ಅಂತ ನನಗೆ ಇನ್ನೂ ಹುಮ್ಮಸ್ಸು. ಹನ್ನೊಂದು ಸಾವಿರಕ್ಕೆ ಬೆರಳು ಇಳಿಯಿತು. ಒಂದು ಸಲ, ಎರಡು ಸಲ, ಮೂರು ಸಲ. ಕುದುರೆ ನನ್ನದು.

ಮನೆಗೆ ಬಂದು ಹಿಂದಿನ ಕಂದು ಕಾಗದ ಕೊಯ್ದು, ಮೊಳೆ ಕಿತ್ತು, ಚಿತ್ರದ ಅಂಚು ಮುಚ್ಚಿದ್ದ ರಟ್ಟು, ಅಂದರೆ ಮೌಂಟು, ಎತ್ತಿದೆ. ಚಿತ್ರದ ಮೇಲ್ಗಡೆ ನಡುವೆ ಒಂದು ದುಂಡನೆ ತೂತು. ಕೆಳಗೆ ಕತ್ತರಿಯಲ್ಲಿ ಅರ್ಧ ಕೊಯ್ದ ಇಂಗ್ಲಿಷ್ ಅಕ್ಷರ: ಸೆಪ್ಟೆಂಬರ್. ಅಮೆರಿಕದ ಕಂಪನಿಗಳು ಈ ಚಿತ್ರಗಳನ್ನೇ ಕ್ಯಾಲೆಂಡರಿಗೆ ಹಾಕಿ ಹಂಚುತ್ತಿದ್ದವು. ನಾನು ಕೊಂಡದ್ದು ಅಂಥದೊಂದು ಹಾಳೆ. ನನ್ನ ಹೆಂಡತಿ ಬಗ್ಗಿ ನೋಡಿ, "ಹನ್ನೊಂದು ಸಾವಿರಕ್ಕೆ ಒಂದೇ ತಿಂಗಳಾ? ಮಿಕ್ಕ ಹನ್ನೊಂದು ಯಾವಾಗ ಕೊಡ್ತಾರಂತೆ?" ಅಂದಳು.

ಮುಂದಿನ ವಾರ ಸಂತೆಯಲ್ಲಿ ಆ ಗೌಡರು ಸಿಕ್ಕರು. ಅವರಿಗೆ ಬೇಕಿದ್ದದ್ದು ಬರೀ ಬೀಟೆ ಮರದ ಫ್ರೇಮಂತೆ. ಮಗಳ ಮದುವೆ ಫೋಟೊಗೆ. ನಾಲ್ಕು ಸಾವಿರಕ್ಕೆ ಅವರಿಗೇ ಕೊಟ್ಟುಬಿಟ್ಟೆ.

ಅದಕ್ಕೇ ಹೇಳಿದ್ದು, ಮೊದಲು ಕಾಗದ. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಗಾಜು ಇದೆಯಲ್ಲ, ಅದನ್ನು ಕೊಂಡು ಜೇಬಿನಲ್ಲಿಡಿ. ಕುದುರೆಯ ಹೊಟ್ಟೆ ಮೇಲೆ ಹಿಡಿದು ನೋಡಿ. ಪೇಪರಿನ ಫೋಟೊದ ಹಾಗೆ ಸಾಲುಸಾಲು ಚುಕ್ಕಿ ಕಂಡರೆ ಅದು ಮೆಶಿನ್ ಅಚ್ಚು, ಕೈ ಮುಗಿದು ಬನ್ನಿ. ಕಲ್ಲಚ್ಚಿನಲ್ಲಿ ಕಾಳು ಒಂದೊಂದು ಥರ ಇರುತ್ತವೆ, ರವೆ ಚೆಲ್ಲಿದ ಹಾಗೆ. ಬಣ್ಣ ಗೆರೆ ದಾಟಿ ಚೂರು ಆಚೆ ಹೋಗಿರುತ್ತದೆ. ಫ್ರೇಮು ಬಿಚ್ಚಲು ಬಿಡದವರ ಹತ್ತಿರ ಕೊಳ್ಳಲೇಬೇಡಿ. ಬಿಚ್ಚಿದರೆ ಅಂಚು ಕತ್ತರಿಸಿದ್ದಾರಾ, ರಟ್ಟಿಗೆ ಅಂಟಿಸಿದ್ದಾರಾ, ಅದೂ ಗೊತ್ತಾಗುತ್ತದೆ.

ಗಾಜಿನ ಆಚೆಯಿಂದ ಸಮಯ ಆಯಿತು ಅಂತ ಕೈ ಮಾಡುತ್ತಿದ್ದಾರೆ. ಬೇಗ ಬೇಗ ಹೇಳುತ್ತೇನೆ. ಹಳೇ ಚಿತ್ರದಲ್ಲಿ ಓಡುವ ಕುದುರೆಯ ನಾಲ್ಕೂ ಕಾಲು ಹಿಂದೆ ಮುಂದೆ ಚಾಚಿಕೊಂಡಿದ್ದರೆ ನಕಲಿ ಅನ್ನಬೇಡಿ. 1878ರಲ್ಲಿ ಮೈಬ್ರಿಜ್ ಅನ್ನುವ ಫೋಟೊಗ್ರಾಫರ್ ಸಾಲು ಕ್ಯಾಮೆರಾ ಇಟ್ಟು ಫೋಟೊ ತೆಗೆಯುವವರೆಗೆ, ಕಾಲು ಹೇಗೆ ಬೀಳುತ್ತದೆ ಅಂತ ಯಾರಿಗೂ ಸರಿಯಾಗಿ ಕಂಡಿರಲಿಲ್ಲ. ವಿದೇಶದ ಹರಾಜಿನಲ್ಲಿ ಫೋನಿನಿಂದ ಸವಾಲು ಹಾಕುವವರು, ಕೂಗಿದ ಬೆಲೆಯ ಮೇಲೆ ಹರಾಜಿನವರ ಕಮಿಷನ್ ಎಷ್ಟು ಅಂತ ಮೊದಲೇ ಓದಿ. ನೂರಕ್ಕೆ ಇಪ್ಪತ್ತು, ಇಪ್ಪತ್ತೈದು ಎಲ್ಲ ಇರುತ್ತದೆ. ನಿಮ್ಮ ಮನೆಯ ನೂರು ವರ್ಷ ದಾಟಿದ ಚಿತ್ರವನ್ನು ಹೊರದೇಶಕ್ಕೆ ಮಾರುವ ಆಸೆ ಬಿಡಿ, ಪ್ರಾಚೀನ ವಸ್ತುಗಳ ಬಗೆಗಿನ 1972ರ ಕಾನೂನು ಒಪ್ಪುವುದಿಲ್ಲ. ಇನ್ನು ನಮ್ಮ ಮಲೆನಾಡಿನ ಮಳೆ. ಹೊರಗೋಡೆಗೆ ಚಿತ್ರ ಹಾಕಲೇಬೇಡಿ, ಬೂಷ್ಟು ಹಿಡಿಯುತ್ತದೆ. ಒಳಗೋಡೆಗೆ ಹಾಕಿ, ಹಿಂದೆ ಎರಡು ಬಾಟಲಿ ಬಿರಡೆ ಅಂಟಿಸಿ ಗಾಳಿಗೆ ಜಾಗ ಬಿಡಿ. ಮೊದಲು ಕಾಗದ. ನಮಸ್ಕಾರ.