ಎಂಟು ಅಕ್ಷರದ ಜಾಗಕ್ಕೆ ಆರು

ಕೇಳುಗರಿಗೆ ನಮಸ್ಕಾರ. ಸ್ವರ ಕದಲದಂತೆ ಹಾಡಿನ ಮಾತನ್ನು ಇನ್ನೊಂದು ಭಾಷೆಗೆ ತರುವ ಕಷ್ಟದ ಬಗ್ಗೆ ಇವತ್ತಿನ ಮಾತು.

ಯೊಹಾನೆಸ್ ಬ್ರಾಮ್ಸ್ ರಚಿಸಿದ ‘ಜರ್ಮನ್ ರೆಕ್ವಿಯೆಮ್’ ಎಂಬ, ಸಾವಿನ ದುಃಖದಲ್ಲಿರುವವರನ್ನು ಸಂತೈಸುವ ಸಮೂಹಗಾನದ ಎರಡನೆಯ ಭಾಗದಲ್ಲಿ ಗಾಯಕವೃಂದ ತಗ್ಗಿದ ದನಿಯಲ್ಲಿ ಒಂದು ಸಾಲು ಹಾಡುತ್ತದೆ: ‘ಡೆನ್ ಆಲೆಸ್ ಫ್ಲೈಶ್, ಎಸ್ ಇಸ್ಟ್ ವೀ ಗ್ರಾಸ್.’ ಏಕೆಂದರೆ ದೇಹವೆಂಬುದೆಲ್ಲ ಹುಲ್ಲಿನಂತೆ, ಎಂದು ಅರ್ಥ. ಬೆರಳು ಮಡಚಿ ಎಣಿಸಿ. ‘ಡೆನ್’ ಒಂದು, ‘ಆಲೆಸ್’ ಎರಡು, ಹೀಗೆ ನಾಲಗೆಯ ಲೆಕ್ಕದಲ್ಲಿ ಒಟ್ಟು ಎಂಟು ಅಕ್ಷರ.

ಈ ಮಾತುಗಳನ್ನು ಬ್ರಾಮ್ಸ್ ಆರಿಸಿಕೊಂಡದ್ದು ಮಾರ್ಟಿನ್ ಲೂಥರ್ ಜರ್ಮನ್ನಿಗೆ ಅನುವಾದಿಸಿದ ಬೈಬಲ್ಲಿನಿಂದ. ಹಾಗಾದರೆ ಇಂಗ್ಲಿಷಿಗೆ ತರುವುದು ಸುಲಭವಲ್ಲವೇ? 1611ರ ಇಂಗ್ಲಿಷ್ ಬೈಬಲ್ ತೆರೆದು ಅದೇ ವಾಕ್ಯವನ್ನು ಸ್ವರಗಳ ಕೆಳಗೆ ಬರೆದರಾಯಿತು. ಬರೆದು ನೋಡಿ: ‘ಫಾರ್ ಆಲ್ ಫ್ಲೆಶ್ ಈಸ್ ಆ್ಯಸ್ ಗ್ರಾಸ್.’ ಆರೇ ಅಕ್ಷರ. ಎರಡು ಕಡಿಮೆ. ಎಳೆದು ತುಂಬಿಸೋಣವೆಂದರೆ ಒತ್ತು ಬೀಳಬೇಕಾದ ಕಡೆ ಬೀಳುವುದಿಲ್ಲ.

ಇಂಗ್ಲಿಷ್ ಗಾಯಕರು ಹಾಡಿಕೊಂಡು ಬಂದ ರೂಪ ಇದು: ‘ಬಿಹೋಲ್ಡ್ ಆಲ್ ಫ್ಲೆಶ್ ಈಸ್ ಆ್ಯಸ್ ದ ಗ್ರಾಸ್.’ ‘ಏಕೆಂದರೆ’ ಎಂಬುದು ಹೋಗಿ ‘ನೋಡಿರಿ’ ಬಂದಿದೆ, ಹುಲ್ಲಿಗೆ ಮೊದಲು ಒಂದು ‘ದ’ ಸೇರಿದೆ. ಲೆಕ್ಕ ಸರಿಹೋಯಿತು. ಆದರೆ ಕುಸುರಿ ಇರುವುದು ಲೆಕ್ಕದಲ್ಲಲ್ಲ. ಜರ್ಮನ್ನಿನಲ್ಲಿ ‘ಫ್ಲೈಶ್’ ನಾಲ್ಕನೆಯ ಅಕ್ಷರ, ‘ಗ್ರಾಸ್’ ಎಂಟನೆಯದು. ಇಂಗ್ಲಿಷಿನಲ್ಲೂ ‘ಫ್ಲೆಶ್’ ನಾಲ್ಕನೆಯದು, ‘ಗ್ರಾಸ್’ ಎಂಟನೆಯದು. ದೇಹವೂ ಹುಲ್ಲೂ ಬ್ರಾಮ್ಸ್ ಇಟ್ಟ ಜಾಗದಿಂದ ಕದಲಿಲ್ಲ. ಭಾಷೆಗಳು ದಾಯಾದಿಗಳಾದುದರಿಂದ ಇಷ್ಟು ಸಾಧ್ಯವಾಯಿತು, ನಿಜ. ಆದರೂ ಬೈಬಲ್ಲಿನ ಮಾತಿಗೆ ಕೈಹಾಕುವ ಧೈರ್ಯ ಬೇಕಲ್ಲ!

ಎಲ್ಲರಿಗೂ ಆ ಹದ ಸಿಗುವುದಿಲ್ಲ. ಸಂಗೀತ ರಚನೆಕಾರ ಹೈಡನ್ ಲಂಡನ್ನಿನಿಂದ ಮರಳುವಾಗ ಜಗತ್ತಿನ ಸೃಷ್ಟಿಯ ಬಗೆಗಿನ ಒಂದು ಇಂಗ್ಲಿಷ್ ಪಠ್ಯವನ್ನು ಜೊತೆಗೆ ತಂದರು. ವಿಯೆನ್ನಾದ ವಾನ್ ಸ್ವೀಟನ್ ಅದನ್ನು ಜರ್ಮನ್ನಿಗೆ ತಿರುಗಿಸಿದರು. ಹೈಡನ್ ಅದಕ್ಕೆ ಹಾಕಿದ ಸ್ವರಗಳಿಗೇ ಸ್ವೀಟನ್ ಮತ್ತೆ ಇಂಗ್ಲಿಷನ್ನೂ ಹೊಂದಿಸಿದರು. 1800ರಲ್ಲಿ ‘ದಿ ಕ್ರಿಯೇಷನ್’ ಎರಡು ಭಾಷೆಗಳಲ್ಲಿ ಒಟ್ಟಿಗೆ ಅಚ್ಚಾಯಿತು. ಹೋದ ದಾರಿಯಲ್ಲೇ ಮರಳಿ ಬಂದ ಇಂಗ್ಲಿಷ್ ಸ್ವಲ್ಪ ನಜ್ಜುಗುಜ್ಜಾಗಿತ್ತು. ಜರ್ಮನ್ನಿನಲ್ಲಿ ಚುರುಕು ಮೈಯ ಹುಲಿ ಚಂಗನೆ ನೆಗೆಯುತ್ತದೆ. ಇಂಗ್ಲಿಷಿನಲ್ಲಿ ಅದು ‘ಫ್ಲೆಕ್ಸಿಬಲ್ ಟೈಗರ್’. ರಬ್ಬರಿನ ಹುಲಿ! ಸಂಗೀತ ಅದ್ಭುತವಾಗಿರುವುದರಿಂದ ಜನ ನಗುತ್ತಲೇ ಹಾಡಿದರು. ಮುಂದೆ ಹಲವರು ಈ ಪಠ್ಯವನ್ನು ತಿದ್ದಿದ್ದಾರೆ. ನನಗೇನೋ ಆ ಹುಲಿ ಇರಲಿ ಎನ್ನಿಸುತ್ತದೆ.

ನಗು ಬರಿಸದೆ ಸದ್ದಿಲ್ಲದೆ ಕಳೆದುಹೋಗುವವೂ ಇವೆ. 1818ರಲ್ಲಿ ಆಸ್ಟ್ರಿಯಾದ ಓಬರ್ನ್‌ಡಾರ್ಫ್‌ನಲ್ಲಿ ಮೊದಲು ಹಾಡಿದ ‘ಸ್ಟಿಲೆ ನಾಖ್ಟ್’ ಎಂಬ ಕ್ರಿಸ್ಮಸ್ ಗೀತೆಯಲ್ಲಿ ಮಗು ಯೇಸುವಿಗೆ ಗುಂಗುರು ಕೂದಲಿದೆ. ಅದರ 1859ರ ಇಂಗ್ಲಿಷ್ ಅನುವಾದ ‘ಸೈಲೆಂಟ್ ನೈಟ್’ನಲ್ಲಿ ಮಗು ಪವಿತ್ರ, ಕೋಮಲ, ಸೌಮ್ಯ. ಕೂದಲು ಮಾತ್ರ ಇಲ್ಲ.

ಈಗ ಅನೇಕ ಗಾಯಕವೃಂದಗಳು ಜರ್ಮನ್ನಿನಲ್ಲೇ ಹಾಡಿ, ಇಂಗ್ಲಿಷ್ ಅರ್ಥವನ್ನು ಸಭಿಕರ ಕೈಗೆ ಅಚ್ಚುಮಾಡಿ ಕೊಡುತ್ತವೆ. ಅಲ್ಲಿ ಅನುವಾದಕರಿಗೆ ಅಕ್ಷರ ಎಣಿಸುವ ಗೋಜಿಲ್ಲ.

ಮತ್ತೆ ಬ್ರಾಮ್ಸ್‌ಗೆ ಬರುತ್ತೇನೆ. ಅವರ ತಾಯಿ ತೀರಿಕೊಂಡದ್ದು 1865ರಲ್ಲಿ. 1868ರಲ್ಲಿ ಬ್ರೆಮೆನ್ನಿನಲ್ಲಿ ರೆಕ್ವಿಯೆಮ್ ಹಾಡಿಸಿದ ಮೇಲೆ ಅವರು ಇನ್ನೊಂದು ಭಾಗ ಸೇರಿಸಿದರು. ಅದರಲ್ಲಿ ಈ ಮಾತು ಬರುತ್ತದೆ: ‘ವೀ ಐನೆನ್ ಜೈನೆ ಮುಟ್ಟರ್ ಟ್ರ್ಯೋಸ್ಟೆಟ್.’ ಇಂಗ್ಲಿಷಿನಲ್ಲಿ ‘ಆ್ಯಸ್ ಒನ್ ಹೂಮ್ ಹಿಸ್ ಓನ್ ಮದರ್ ಕಂಫರ್ಟೆತ್’ ಎಂದು ಹಾಡುತ್ತಾರೆ. ‘ಓನ್’ ಎಂಬುದು ಇಂಗ್ಲಿಷ್ ಬೈಬಲ್ಲಿನಲ್ಲಿಲ್ಲ. ಅದನ್ನು ತೆಗೆದರೆ ‘ಮದರ್’ ಒಂದು ಅಕ್ಷರ ಮುಂಚಿತವಾಗಿ ಬಂದುಬಿಡುತ್ತಾಳೆ. ಅವಳನ್ನು ‘ಮುಟ್ಟರ್’ ಇರುವಲ್ಲಿಗೇ ಕರೆತಂದದ್ದು ಆ ಪುಟ್ಟ ಪದ.

ಈ ಸಾಲನ್ನು ಕನ್ನಡದಲ್ಲಿ ಗುನುಗಿ ನೋಡಿದ್ದೇನೆ. ಒಬ್ಬನನ್ನು ಅವನ ತಾಯಿ ಸಂತೈಸುವ ಹಾಗೆ. ಜರ್ಮನ್ನಿನ ಪದಗಳು ನಿಂತ ಸಾಲಿನಲ್ಲೇ ನಮ್ಮವೂ ನಿಲ್ಲುತ್ತವೆ: ಮೊದಲು ಒಬ್ಬನನ್ನು, ಆಮೇಲೆ ತಾಯಿ, ಅವಳ ಹಿಂದೆ ಸಂತೈಸುವುದು. ಆದರೆ ಅಕ್ಷರ ಎಣಿಸಿದೆ. ಒಂಬತ್ತರ ಜಾಗಕ್ಕೆ ಹದಿನೈದು.