ಮುಖಂಡರ ಸಂಬಳಕ್ಕೆ ಅಳತೆಗೋಲು ಯಾವುದು?

ಕೇಳುಗರೆಲ್ಲರಿಗೂ ನಮಸ್ಕಾರ.

ನನ್ನ ತಂದೆಯವರು ದಾವಣಗೆರೆಯ ಹತ್ತಿಗಿರಣಿಯೊಂದರ ನೂಲುವ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದರು. ಸಂಬಳದ ದಿನ ಗಿರಣಿಯ ಗೇಟಿನ ಬಳಿ ಕಾರ್ಮಿಕ ಸಂಘದವರು ರಸೀದಿ ಪುಸ್ತಕ ಹಿಡಿದು ನಿಂತಿರುತ್ತಿದ್ದರು. ತಂದೆಯವರು ಚಂದಾ ಕೊಟ್ಟು, ಆ ಚಿಕ್ಕ ರಸೀದಿಯನ್ನು ಮಡಿಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಮನೆಗೆ ಬರುತ್ತಿದ್ದರು. ಸಂಘದ ಕಾರ್ಯದರ್ಶಿ ಒಂದು ಪೈಸೆಯನ್ನೂ ಸಂಬಳವಾಗಿ ಮುಟ್ಟುವುದಿಲ್ಲ ಎಂಬುದು ನಮ್ಮ ಓಣಿಯಲ್ಲೆಲ್ಲ ಹೆಮ್ಮೆಯ ಮಾತಾಗಿತ್ತು. ಹೆಂಡತಿ ಮಕ್ಕಳಿದ್ದ ಆ ಮನುಷ್ಯನ ಮನೆಯ ಒಲೆ ಯಾರ ದುಡ್ಡಿನಿಂದ ಉರಿಯುತ್ತಿದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಒಂದು ವರ್ಷ ಬೋನಸ್ಸಿನ ಒಪ್ಪಂದಕ್ಕೆ ಕಾರ್ಮಿಕರು ಬೇಡಿದ್ದಕ್ಕಿಂತ ಬಹಳ ಕಡಿಮೆ ಮೊತ್ತಕ್ಕೆ ಸಹಿ ಬಿತ್ತು. ಗಿರಣಿಗೆ ಹತ್ತಿ ಸಾಗಿಸುವ ಗುತ್ತಿಗೆ ಕಾರ್ಯದರ್ಶಿಯ ಭಾವಮೈದುನನ ಹೆಸರಿನಲ್ಲಿದೆ ಎಂಬ ಸಂಗತಿ ಅದಾದ ಕೆಲವು ತಿಂಗಳಿಗೆ ಹೊರಬಿತ್ತು. ಅಂದು ರಾತ್ರಿ ತಂದೆಯವರು ಊಟಕ್ಕೆ ಕೂತಾಗ ಹೇಳಿದ ಮಾತು ನನಗೆ ಇಂದಿಗೂ ಕೇಳಿಸುತ್ತದೆ: "ಪಗಾರ ಕೊಟ್ಟೋರ ಮಾತು ಕೇಳಿದಾನೆ. ನಾವು ಕೊಟ್ಟಿರಲಿಲ್ಲ."

ಆದುದರಿಂದ ಕಾರ್ಮಿಕ ಮುಖಂಡರಾಗಲಿ ಜನಪ್ರತಿನಿಧಿಗಳಾಗಲಿ ಸಂಬಳ ತೆಗೆದುಕೊಳ್ಳಲೇಬಾರದು, ಸೇವೆ ಎಂದರೆ ಬರಿಗೈಯಲ್ಲಿ ಮಾಡುವಂಥದ್ದು ಎನ್ನುವವರ ಜೊತೆ ನಾನು ನಿಲ್ಲಲಾರೆ. ಕಾನೂನು ಕೂಡ ಹಾಗೆ ಹೇಳಿಲ್ಲ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬರುವವರೆಗೆ ನಡೆದುಬಂದ 1926ರ ಕಾರ್ಮಿಕ ಸಂಘಗಳ ಕಾಯಿದೆಯ 15ನೇ ಕಲಂ, ಸಂಘದ ಸಾಮಾನ್ಯ ನಿಧಿಯಿಂದ ಪದಾಧಿಕಾರಿಗಳಿಗೆ ಸಂಬಳ ಮತ್ತು ಭತ್ಯೆ ಕೊಡಬಹುದು ಎಂದು ಸ್ಪಷ್ಟವಾಗಿಯೇ ಹೇಳಿತ್ತು. ತೊಡಕಿದ್ದದ್ದು ನಿಧಿಯಲ್ಲಿ. ಅದೇ ಕಾಯಿದೆಗೆ 2001ರಲ್ಲಿ ಬಂದ ತಿದ್ದುಪಡಿ ನಿಗದಿಮಾಡಿದ ಕನಿಷ್ಠ ಚಂದಾ, ಗ್ರಾಮೀಣ ಕಾರ್ಮಿಕರಿಗೆ ವರ್ಷಕ್ಕೆ 1 ರೂಪಾಯಿ, ಇತರ ಅಸಂಘಟಿತ ವಲಯದವರಿಗೆ 3 ರೂಪಾಯಿ, ಉಳಿದವರಿಗೆ 12 ರೂಪಾಯಿ. ಸಾವಿರ ಸದಸ್ಯರಿರುವ ಕಾರ್ಖಾನೆಯ ಸಂಘವೊಂದು ಈ ಕನಿಷ್ಠ ದರದಲ್ಲೇ ಚಂದಾ ಎತ್ತಿದರೆ ವರ್ಷಕ್ಕೆ ಕೂಡುವುದು 12,000 ರೂಪಾಯಿ, ಅಂದರೆ ತಿಂಗಳಿಗೆ ಸಾವಿರ. ಆ ಸಾವಿರದಲ್ಲಿ ಕಚೇರಿಯ ಬಾಡಿಗೆ ಹೋಗಬೇಕು, ಲೇಬರ್ ಕೋರ್ಟಿಗೆ ಓಡಾಡುವ ಬಸ್ಸಿನ ಖರ್ಚು ಹೋಗಬೇಕು, ಕರಪತ್ರದ ಅಚ್ಚಿನ ಕೂಲಿ ಹೋಗಬೇಕು. ಪೂರ್ಣಾವಧಿ ಕಾರ್ಯದರ್ಶಿಗೆ ಉಳಿಯುವುದೇನು? ಹೀಗಾಗಿ ಸ್ವಂತ ಆಸ್ತಿ ಇದ್ದವನೋ, ಪಕ್ಷದ ಆಸರೆ ಪಡೆದವನೋ, ಇಲ್ಲವೇ ಮಾಲೀಕನ ಕೃಪೆಗೆ ಒಲಿದವನೋ ಆ ಕುರ್ಚಿಯಲ್ಲಿ ಕೂರುತ್ತಾನೆ; ಯಂತ್ರದ ಮುಂದೆ ನಿಂತು ಕೈ ಸವೆಸಿಕೊಂಡವನು ಕೂರುವುದು ಅಪರೂಪ. ನಮ್ಮ ಊರಿನ ಗಿರಣಿ ಕಾರ್ಮಿಕರ ಚಳವಳಿಯಿಂದ ಬಂದ ಪಂಪಾಪತಿಯವರನ್ನು ದಾವಣಗೆರೆಯ ಮತದಾರರು 1978, 1983 ಮತ್ತು 1985ರಲ್ಲಿ ಮೂರು ಸಲ ವಿಧಾನಸಭೆಗೆ ಕಳಿಸಿದರು. ಅಂಥವರು ಇನ್ನಷ್ಟು ಮಂದಿ ಬರಬೇಕೆಂದರೆ ಅವರ ಮನೆ ನಡೆಯುವಷ್ಟು ಸಂಬಳವನ್ನು ಎದೆ ತಟ್ಟಿ ಕೊಡಬೇಕಾಗುತ್ತದೆ.

ಬ್ರಿಟನ್ನಿನ ಕಾರ್ಮಿಕರು ಇದನ್ನು ನಮಗಿಂತ ಬಹಳ ಮುಂಚೆ ಕಂಡುಕೊಂಡಿದ್ದರು. ಸಂಸತ್ ಸದಸ್ಯರಿಗೆ ಸಂಬಳವೇ ಇಲ್ಲದ ಕಾಲದಲ್ಲಿ ಅಲ್ಲಿನ ಸಂಘಗಳು ತಮ್ಮ ವಂತಿಗೆಯಿಂದಲೇ ತಮ್ಮ ಸದಸ್ಯರನ್ನು ಸಂಸತ್ತಿನಲ್ಲಿ ಸಾಕುತ್ತಿದ್ದವು. ರೈಲ್ವೆ ನೌಕರನೊಬ್ಬ ತನ್ನ ಸಂಘದ ಮೇಲೆಯೇ ಹೂಡಿದ ಮೊಕದ್ದಮೆಯಲ್ಲಿ, ಸಂಘಗಳು ಹೀಗೆ ಹಣ ಕೊಡುವುದು ಕಾನೂನಿಗೆ ವಿರುದ್ಧ ಎಂದು 1909ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಲಾರ್ಡ್ಸ್ ಸಭೆ ತೀರ್ಪಿತ್ತಾಗ ಬಡವರ ಪ್ರತಿನಿಧಿಗಳ ಕಾಲ ಕೆಳಗಿನ ನೆಲವೇ ಕುಸಿಯಿತು. ಕೊನೆಗೆ 1911ರಲ್ಲಿ ಸರ್ಕಾರವೇ ವರ್ಷಕ್ಕೆ 400 ಪೌಂಡ್ ಸಂಬಳ ಗೊತ್ತುಮಾಡಿತು.

ಇಲ್ಲಿಯವರೆಗೆ ಹೇಳಿದ್ದು ಸಂಬಳ ಬೇಕು ಎಂಬುದಕ್ಕೆ. ದೊಡ್ಡ ಸಂಬಳ ಬೇಕೇ, ಎಷ್ಟು ದೊಡ್ಡದಾದರೆ ಅದು ಅನ್ಯಾಯ ಎನ್ನುವುದು ಇನ್ನೂ ಕಠಿಣವಾದ ಪ್ರಶ್ನೆ. ಗಾಂಧೀಜಿ 1930ರ ಮಾರ್ಚ್ 2ರಂದು ವೈಸರಾಯ್ ಇರ್ವಿನ್ನರಿಗೆ ಬರೆದ ಪತ್ರದಲ್ಲಿ ಇದಕ್ಕೊಂದು ಅಳತೆಗೋಲು ಸಿಗುತ್ತದೆ. ವೈಸರಾಯರ ಸಂಬಳ ತಿಂಗಳಿಗೆ 21,000 ರೂಪಾಯಿ, ದಿನಕ್ಕೆ 700 ರೂಪಾಯಿ. ಭಾರತೀಯನ ಸರಾಸರಿ ಆದಾಯ ದಿನಕ್ಕೆ ಎರಡಾಣೆಗೂ ಕಡಿಮೆ. ಅಂದರೆ ಐದು ಸಾವಿರ ಪಟ್ಟಿಗೂ ಮೀರಿದ ಅಂತರ ಎಂದು ಅವರು ಲೆಕ್ಕ ಹಾಕಿ ತೋರಿಸಿದರು. 21,000 ಎಂಬ ಅಂಕಿಯನ್ನು ಅವರು ಒಂಟಿಯಾಗಿ ನಿಲ್ಲಿಸಲಿಲ್ಲ, ಅದರ ಪಕ್ಕದಲ್ಲಿ ಎರಡಾಣೆಯನ್ನು ಇಟ್ಟರು. ಮರುವರ್ಷ ಕರಾಚಿಯಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನವು, ಸರ್ಕಾರಿ ಸೇವೆಯಲ್ಲಿರುವ ಯಾರ ಸಂಬಳವೂ ಸಾಮಾನ್ಯವಾಗಿ ತಿಂಗಳಿಗೆ 500 ರೂಪಾಯಿ ಮೀರಬಾರದೆಂದು ನಿರ್ಣಯಿಸಿತು. 1937ರಲ್ಲಿ ಪ್ರಾಂತಗಳಲ್ಲಿ ಅಧಿಕಾರಕ್ಕೆ ಬಂದ ಕಾಂಗ್ರೆಸ್ ಮಂತ್ರಿಗಳು ಆ 500ನ್ನೇ ಸಂಬಳವಾಗಿ ಒಪ್ಪಿಕೊಂಡರು.

ಅದೇ ಅಳತೆಗೋಲನ್ನು ಇಂದಿನ ಅಧಿಕಾರಿಗಳ ಸಂಬಳಕ್ಕೆ ಹಿಡಿದು ನೋಡೋಣ. 2024ರ ಆಗಸ್ಟ್‌ನಿಂದ ಜಾರಿಗೆ ಬಂದ ಕರ್ನಾಟಕದ 7ನೇ ವೇತನ ಆಯೋಗದ ಶ್ರೇಣಿಯಲ್ಲಿ ಕನಿಷ್ಠ ಮೂಲ ವೇತನ 27,000 ರೂಪಾಯಿ, ಗರಿಷ್ಠ 2,41,200 ರೂಪಾಯಿ; ಅಂದರೆ ಮೇಲಿನದು ಕೆಳಗಿನದರ ಒಂಬತ್ತು ಪಟ್ಟಿಗಿಂತ ತುಸು ಕಡಿಮೆ. ಕೇಂದ್ರದ 7ನೇ ವೇತನ ಆಯೋಗದಲ್ಲಿ 18,000ಕ್ಕೆ 2,50,000, ಸುಮಾರು ಹದಿನಾಲ್ಕು ಪಟ್ಟು. ನನ್ನ ದೃಷ್ಟಿಯಲ್ಲಿ ರಾಜ್ಯದ ಒಂಬತ್ತು ಪಟ್ಟು ಒಪ್ಪತಕ್ಕದ್ದು. ಒಂದು ಜಿಲ್ಲೆಯ ಬರ, ನೀರು, ರೇಷನ್ನು, ಭೂಮಿಯ ದಾಖಲೆ ಎಲ್ಲವನ್ನೂ ಹೆಗಲ ಮೇಲೆ ಹೊತ್ತ ಅಧಿಕಾರಿಗೆ ಖಾಸಗಿ ಕಂಪನಿಗಳು ಕೊಡುವ ಸಂಬಳದ ಎದುರು ಇದು ದೊಡ್ಡದೇನಲ್ಲ. ಆದರೆ ಈ ಶ್ರೇಣಿಯ ಮೊದಲ ಮೆಟ್ಟಿಲಿನ ಹೊರಗೇ ನಿಂತವರಿದ್ದಾರೆ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಧರಣಿ ಕೂತ ಮೇಲೆ ಅವರಿಗೆ ಸಿಕ್ಕ ಭರವಸೆ, ಗೌರವಧನ ಮತ್ತು ಪ್ರೋತ್ಸಾಹಧನ ಸೇರಿ ತಿಂಗಳಿಗೆ ಕನಿಷ್ಠ 10,000 ರೂಪಾಯಿ. ಅವರನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಒಂಬತ್ತು ಪಟ್ಟು ಒಮ್ಮೆಲೇ ಇಪ್ಪತ್ನಾಲ್ಕು ಪಟ್ಟಾಗುತ್ತದೆ. ಮೇಲಿನವರ ಸಂಬಳ ಇಳಿಸಿ ಎಂದು ನಾನು ಕೇಳುತ್ತಿಲ್ಲ, ಈ ಹೆಣ್ಣುಮಕ್ಕಳನ್ನು ಏಣಿಯ ಮೇಲೆ ಹತ್ತಿಸಿಕೊಳ್ಳಿ ಎಂದು ಕೇಳುತ್ತಿದ್ದೇನೆ.

ಕೈತುಂಬ ಸಂಬಳ ಕೊಟ್ಟರೆ ಲಂಚ ತಾನಾಗಿ ನಿಲ್ಲುತ್ತದೆ ಎಂಬ ವಾದವೂ ಇದೆ. ಸಿಂಗಪುರದಲ್ಲಿ ಮಂತ್ರಿಯೊಬ್ಬರ ಆರಂಭದ ಸಂಬಳ ವರ್ಷಕ್ಕೆ ಅಲ್ಲಿನ 11 ಲಕ್ಷ ಡಾಲರ್. ಅಲ್ಲಿಯೂ 2024ರಲ್ಲಿ ಮಾಜಿ ಮಂತ್ರಿಯೊಬ್ಬರು ಉಡುಗೊರೆ ಪಡೆದ ಅಪರಾಧಕ್ಕೆ ಜೈಲಿಗೆ ಹೋದರು. ಅವರನ್ನು ಹಿಡಿದು ನ್ಯಾಯಾಲಯಕ್ಕೆ ತಂದದ್ದು ತನಿಖಾ ಸಂಸ್ಥೆ.

ಇನ್ನು ನಮ್ಮ ಶಾಸಕರ ವಿಷಯ. 2025ರ ಮಾರ್ಚ್‌ನಲ್ಲಿ ಕರ್ನಾಟಕ ವಿಧಾನಮಂಡಲವು ಶಾಸಕರ ಸಂಬಳವನ್ನು 40,000ದಿಂದ 80,000ಕ್ಕೆ, ಮಂತ್ರಿಗಳದನ್ನು 60,000ದಿಂದ 1,25,000ಕ್ಕೆ, ಮುಖ್ಯಮಂತ್ರಿಗಳದನ್ನು 75,000ದಿಂದ 1,50,000ಕ್ಕೆ ಏರಿಸಿತು. ಭತ್ಯೆಗಳು ಇದರ ಹೊರಗಿವೆ. ಮೊತ್ತವನ್ನಷ್ಟೇ ನೋಡಿದರೆ 80,000 ಅತಿಯಾಯಿತೆಂದು ನಾನು ಹೇಳಲಾರೆ. ನನಗೆ ನೋವಾದದ್ದು ಅದು ನಡೆದ ರೀತಿಗೆ. ಸದನದಲ್ಲಿ ಗದ್ದಲ ನಡೆಯುತ್ತಿದ್ದಾಗ, ಚರ್ಚೆಯೇ ಇಲ್ಲದೆ, ಆ ವಿಧೇಯಕಗಳು ಅಂಗೀಕಾರವಾದವು. ಗುಮಾಸ್ತನ ಸಂಬಳ ಏರಬೇಕಾದರೆ ಆಯೋಗ ಕೂರುತ್ತದೆ, ಅಹವಾಲು ಕೇಳುತ್ತದೆ, ವರದಿ ಬರುತ್ತದೆ, ಆ ವರದಿಯ ಜಾರಿಗೆ ನೌಕರರು ಮುಷ್ಕರದ ಮಾತಾಡಬೇಕಾಗುತ್ತದೆ. ಶಾಸಕರ ಸಂಬಳವನ್ನು ಸಂವಿಧಾನದ 195ನೇ ವಿಧಿಯ ಪ್ರಕಾರ ಶಾಸಕರೇ ಕಾನೂನು ಮಾಡಿ ಗೊತ್ತುಮಾಡಿಕೊಳ್ಳುತ್ತಾರೆ. ಅಮೆರಿಕದ ಸಂವಿಧಾನದಲ್ಲಿ ಇದಕ್ಕೊಂದು ತಡೆಯಿದೆ: 1789ರಲ್ಲಿ ಸೂಚಿತವಾಗಿ 1992ರಲ್ಲಿ ಅಂಗೀಕಾರ ಪಡೆದ 27ನೇ ತಿದ್ದುಪಡಿಯ ಪ್ರಕಾರ, ಸದಸ್ಯರು ತಮ್ಮ ಸಂಬಳದಲ್ಲಿ ಮಾಡಿಕೊಂಡ ಬದಲಾವಣೆ ನಡುವೆ ಒಂದು ಚುನಾವಣೆ ಕಳೆದ ಮೇಲಷ್ಟೇ ಜಾರಿಗೆ ಬರುತ್ತದೆ. ಇಂಥ ಒಂದು ಸಾಲು ನಮ್ಮ ಕಾನೂನಿಗೂ ಸೇರಿದರೆ, ಏರಿಸಿದವರು ಮೊದಲು ಚನ್ನಗಿರಿಯ, ಜಗಳೂರಿನ, ಹೊಳಲ್ಕೆರೆಯ ಮತದಾರರ ಮುಂದೆ ನಿಂತು ಕಾರಣ ಹೇಳಬೇಕಾಗುತ್ತದೆ.

ಕಾರ್ಮಿಕ ಮುಖಂಡನ ಸಂಬಳಕ್ಕೆ ನಾನು ಇನ್ನೂ ಬಿಗಿಯಾದ ಕಟ್ಟು ಹಾಕುತ್ತೇನೆ. ಅಧಿಕಾರಿಯ ಬಲ ಅವನ ಕಲಿಕೆಯಲ್ಲಿದೆ. ಮುಖಂಡನ ಬಲ, ಬೇಳೆಯ ಬೆಲೆ ಏರಿದರೆ ಅದು ಅವನ ಅಡುಗೆಮನೆಗೂ ತಟ್ಟುತ್ತದೆ ಎಂಬುದರಲ್ಲಿದೆ. ಆದುದರಿಂದ ಅವನ ಸಂಬಳ, ಅದೇ ಕಾರ್ಖಾನೆಯ ಅತ್ಯಂತ ನುರಿತ ಕೆಲಸಗಾರನ ಸಂಬಳದಷ್ಟಿರಲಿ. ತುಟ್ಟಿಭತ್ಯೆ ಅವರಿಗೆ ಏರಿದಂದು ಅವನಿಗೂ ಏರಲಿ. ಮುಷ್ಕರದ ತಿಂಗಳುಗಳಲ್ಲಿ ಅವರಿಗೆ ಪಗಾರ ನಿಂತರೆ ಅವನಿಗೂ ನಿಲ್ಲಲಿ. ಆ ಮೊತ್ತವನ್ನು ಸದಸ್ಯರ ಮಹಾಸಭೆ ಕೈಯೆತ್ತಿ ನಿರ್ಧರಿಸಲಿ, ಸಂಘದ ಕಚೇರಿಯ ಫಲಕದಲ್ಲಿ ಬರೆದು ಹಾಕಲಿ. ಇದಕ್ಕಾಗಿ ಚಂದಾ ಹೆಚ್ಚು ಕೊಡಬೇಕಾಗಿ ಬಂದರೆ ಕೊಡುವುದೇ ಮೇಲು.

ತಂದೆಯವರು ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಆ ಚಂದಾ ರಸೀದಿಗಳ ಕಟ್ಟು ನನಗೆ ಸಿಕ್ಕಿತು, ಇಪ್ಪತ್ತಾರು ವರ್ಷದವೂ ಇದ್ದವು, ದಾರದಲ್ಲಿ ಕಟ್ಟಿ ಇಟ್ಟಿದ್ದರು. 1926ರ ಆ ಕಾಯಿದೆಯ 20ನೇ ಕಲಂ, ಸಂಘದ ಲೆಕ್ಕಪುಸ್ತಕವನ್ನು ಯಾವುದೇ ಸದಸ್ಯ ಕೇಳಿ ತೆಗೆಸಿ ನೋಡಬಹುದೆಂಬ ಹಕ್ಕು ಕೊಟ್ಟಿತ್ತು. ಆ ಹಕ್ಕು ತಮಗಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ನಮಸ್ಕಾರ.